ಬಚ್ಚಿಟ್ಟ ವಿದ್ಯೆ, ಹಂಚಿದ ವಿದ್ಯೆ

ಮುರಾನೊ ದ್ವೀಪದ ಗಾಜುಗಾರ ಲಿನೊ ತಾಲ್ಯಾಪಿಯೆತ್ರ ಶಿಷ್ಯನಿಂದ ಗುರುವಾದ ಬಗೆ

ಗಾಜು ಇಲ್ಲದ ಮನೆ ಇಂದು ನಮ್ಮ ನಾಡಿನಲ್ಲಿಲ್ಲ. ಮೈಲಾಪುರದ ಜಾತ್ರೆಯಿಂದ ತಂದ ಹಸಿರು ಬಳೆ, ಔಷಧದ ಸೀಸೆ, ಅಜ್ಜನ ಕಾಲದ ಕಂದೀಲು, ದೇವಾಲಯದ ಕಿಟಕಿಯಲ್ಲಿ ಮುಂಜಾವಿನ ಬೆಳಕಿಗೆ ಹೊಳೆಯುವ ಸಂತರ ಚಿತ್ರ, ಇವೆಲ್ಲವೂ ಗಾಜೇ. ಬಳಿಚಕ್ರದಂತಹ ಹಳ್ಳಿಯಿಂದ ಹಿಡಿದು ಬೆಂಗಳೂರಿನವರೆಗೆ ಅದನ್ನು ದಿನವೂ ಬಳಸುತ್ತೇವೆ. ಒಡೆದರೆ ಗುಡಿಸಿ ಎಸೆಯುತ್ತೇವೆ. ಆದರೆ ಅದಕ್ಕೆ ರೂಪ ಕೊಟ್ಟ ಕೈ ಯಾರದು, ಆ ಕೈಗೆ ವಿದ್ಯೆ ಎಲ್ಲಿಂದ ಬಂತು, ಮುಂದೆ ಅದು ಯಾರಿಗೆ ಹೋಗುತ್ತದೆ ಎಂದು ಕೇಳುವವರು ವಿರಳ.

ಈ ವಾರ ನಾವು ಓದುಗರಿಗೆ ಪರಿಚಯಿಸಬಯಸುವುದು ಅಂತಹ ಒಂದು ಕೈಯನ್ನು. ಇಟಲಿಯ ವೆನಿಸ್ ನಗರದ ಮಗ್ಗುಲಲ್ಲಿರುವ ಮುರಾನೊ ಎಂಬ ಪುಟ್ಟ ದ್ವೀಪದಲ್ಲಿ 1934ರಲ್ಲಿ ಹುಟ್ಟಿದ ಲಿನೊ ತಾಲ್ಯಾಪಿಯೆತ್ರ ಅವರದು ಅದು. ಅವರ ಮನೆತನದ ಹೆಸರಿಗೆ ಇಟಾಲಿಯನ್ ಭಾಷೆಯಲ್ಲಿ ‘ಕಲ್ಲು ಕಡಿಯುವವನು’ ಎಂಬ ಅರ್ಥವಿದೆ. ಹೆಸರು ಕಲ್ಲಿನದಾದರೂ ಬದುಕೆಲ್ಲ ಗಾಜಿನದು. ನೀರು ಹೊರುವ ಹುಡುಗನಾಗಿ ಕುಲುಮೆಯ ಬಾಗಿಲು ಹೊಕ್ಕವರು ಗುರುವಾದರು. ಅಷ್ಟೇ ಆಗಿದ್ದರೆ ಅವರ ಕಥೆಯನ್ನು ಇಲ್ಲಿ ಹೇಳಬೇಕಾಗಿರಲಿಲ್ಲ. ಶತಮಾನಗಳ ಕಾಲ ಯಾರಿಗೂ ಹೇಳಕೂಡದೆಂದು ಕಾಯ್ದಿಟ್ಟ ವಿದ್ಯೆಯನ್ನು ಅವರು ಹೊರಗಿನವರಿಗೆ ಹೇಳಿಕೊಟ್ಟರು. ತಮ್ಮವರಿಂದಲೇ ಅದಕ್ಕಾಗಿ ನಿಂದೆಯನ್ನೂ ಕೇಳಿದರು.

ಗೋಡೆಯಿಲ್ಲದ ಸೆರೆ

ಗಾಜನ್ನು ಊದಿ ಪಾತ್ರೆ ಮಾಡುವ ಕಲೆ ಹುಟ್ಟಿದ್ದು ಯೇಸುಸ್ವಾಮಿ ಜನಿಸುವುದಕ್ಕೆ ಕೆಲವೇ ದಶಕಗಳ ಮುಂಚೆ, ಅವರು ನಡೆದಾಡಿದ ನೆಲದ ಆಸುಪಾಸಿನಲ್ಲಿಯೇ. ಜೆರುಸಲೇಮಿನ ಹಳೆಯ ನಗರದಲ್ಲಿ ಉತ್ಖನನ ನಡೆಸಿದಾಗ ಕ್ರಿಸ್ತಪೂರ್ವ ಮೊದಲ ಶತಮಾನದ ಗಾಜು ಊದುವವರು ಬಿಸಾಡಿದ ತುಣುಕುಗಳು ದೊರೆತಿವೆ. ಅಲ್ಲಿಂದ ರೋಮನ್ ಸಾಮ್ರಾಜ್ಯದ ಉದ್ದಗಲಕ್ಕೂ ಹಬ್ಬಿದ ಈ ಕಲೆ ಮಧ್ಯಯುಗದಲ್ಲಿ ವೆನಿಸ್ ನಗರದಲ್ಲಿ ಬೇರೂರಿತು.

1291ರಲ್ಲಿ ವೆನಿಸ್ ಗಣರಾಜ್ಯವು ತನ್ನ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಿಸುವಂತೆ ಆಜ್ಞೆ ಹೊರಡಿಸಿತು. ಕಟ್ಟಿಗೆಯ ಮನೆಗಳಿಂದ ಕಿಕ್ಕಿರಿದ ನಗರಕ್ಕೆ ಬೆಂಕಿ ತಗುಲೀತೆಂಬ ಭಯ ಅದಕ್ಕೆ ಕಾರಣ. ಆದರೆ ದ್ವೀಪದಲ್ಲಿ ಇನ್ನೊಂದು ಅನುಕೂಲವೂ ಇತ್ತು: ಸುತ್ತಲೂ ನೀರಿರುವಲ್ಲಿ ಗುಟ್ಟನ್ನು ಕಾಯುವುದು ಸುಲಭ. ಗಾಜುಗಾರರಿಗೆ ಹೇರಳ ಮಾನಮರ್ಯಾದೆ ದೊರೆಯಿತು. ಅವರ ಹೆಣ್ಣುಮಕ್ಕಳು ಶ್ರೀಮಂತ ಮನೆತನಗಳ ಸೊಸೆಯರಾಗಬಹುದಿತ್ತು. ಆದರೆ ಅಪ್ಪಣೆಯಿಲ್ಲದೆ ರಾಜ್ಯವನ್ನು ಬಿಟ್ಟುಹೋಗಿ ಪರದೇಶದಲ್ಲಿ ಕಸುಬು ನಡೆಸಿದವನಿಗೆ ದಂಡನೆ ಕಾದಿತ್ತು. ಅದು ಗೋಡೆಯಿಲ್ಲದ ಸೆರೆಯೇ ಸರಿ. ಆ ಸೆರೆಯಲ್ಲಿಯೇ ಹದಿನೈದನೆಯ ಶತಮಾನದಲ್ಲಿ ಆಂಜೆಲೊ ಬರೊವಿಯೆರ್ ಎಂಬ ಕುಶಲಿ ಸ್ಫಟಿಕದಂತೆ ತಿಳಿಯಾದ ಗಾಜನ್ನು ಸಾಧಿಸಿದ. ಯುರೋಪಿನ ಅರಮನೆಗಳೆಲ್ಲ ಮುರಾನೊದ ಗಾಜಿಗೆ ಕೈಚಾಚಿದವು.

ಇಷ್ಟು ಕಾವಲಿದ್ದರೂ ಗುಟ್ಟು ಉಳಿಯಿತೇ? ಉಳಿಯಲಿಲ್ಲ. 1665ರ ಸುಮಾರಿಗೆ ಫ್ರಾನ್ಸಿನ ಮಂತ್ರಿ ಕೊಲ್ಬೇರ್ ಮುರಾನೊದ ಕೆಲವು ಕನ್ನಡಿ ಕೆಲಸಗಾರರನ್ನು ಹಣದ ಆಸೆ ತೋರಿಸಿ ಗುಟ್ಟಾಗಿ ಪ್ಯಾರಿಸಿಗೆ ಕರೆಸಿಕೊಂಡ. ಎರಡು ದಶಕ ಕಳೆಯುವುದರೊಳಗೆ ವರ್ಸೇಲ್ಸ್ ಅರಮನೆಯ ಕನ್ನಡಿಗಳ ಮಹಡಿ ಫ್ರಾನ್ಸಿನಲ್ಲೇ ತಯಾರಾದ ಕನ್ನಡಿಗಳಿಂದ ಝಗಮಗಿಸಿತು. 1797ರಲ್ಲಿ ವೆನಿಸ್ ಗಣರಾಜ್ಯವೇ ನೆಪೋಲಿಯನ್ನನ ಎದುರು ಕುಸಿಯಿತು. ಅದರ ಹಿಂದೆಯೇ ಗಾಜುಗಾರರ ಸಂಘವೂ ಇಲ್ಲವಾಯಿತು. ಕುಲುಮೆಗಳು ಒಂದೊಂದಾಗಿ ಆರಿದವು. ಗುಟ್ಟನ್ನು ಬಲ್ಲ ಮುದುಕರು ತೀರಿಕೊಂಡಂತೆಲ್ಲ ಗುಟ್ಟೂ ಅವರೊಡನೆ ಮಣ್ಣಾಗತೊಡಗಿತು.

ಆ ಕಷ್ಟಕಾಲದಲ್ಲಿ ದ್ವೀಪದ ನೆರವಿಗೆ ಬಂದವರಲ್ಲಿ ಒಬ್ಬರು ಧರ್ಮಸಭೆಯ ಗುರುಗಳು ಎಂಬುದನ್ನು ನಮ್ಮ ಓದುಗರು ಅಭಿಮಾನದಿಂದ ನೆನೆಯಬಹುದು. ಮುರಾನೊದ ಸ್ವಾಮಿ ವಿಂಚೆನ್ಸೊ ಝಾನೆಟ್ಟಿಯವರು 1861ರಲ್ಲಿ ಊರಿನ ಹಳೆಯ ಗಾಜಿನ ವಸ್ತುಗಳನ್ನೂ ದಾಖಲೆಗಳನ್ನೂ ಕಲೆಹಾಕಿ ಸಂಗ್ರಹಾಲಯವೊಂದಕ್ಕೆ ಅಡಿಗಲ್ಲಾದರು. ಮರುವರ್ಷವೇ ಗಾಜು ಕೆಲಸಗಾರರಿಗಾಗಿ ಚಿತ್ರಕಲೆಯ ಶಾಲೆ ಆರಂಭವಾಯಿತು. ಅಜ್ಜಂದಿರು ಮಾಡಿದ್ದನ್ನು ಮೊಮ್ಮಕ್ಕಳು ಕಣ್ಣಾರೆ ಕಂಡು ಕಲಿಯಲಿ ಎಂಬುದು ಅವರ ಆಶಯ. ಇಂದಿಗೂ ಮುರಾನೊದ ಗಾಜಿನ ಶಾಲೆ ಅವರ ಹೆಸರನ್ನೇ ಹೊತ್ತಿದೆ.

ನೀರು ಹೊರುವ ಹುಡುಗ

ಲಿನೊ ಕುಲುಮೆಗೆ ಕಾಲಿಟ್ಟದ್ದು 1946ರಲ್ಲಿ. ಎರಡನೆಯ ಮಹಾಯುದ್ಧ ಮುಗಿದು ವರ್ಷವಾಗಿತ್ತಷ್ಟೆ. ಹುಡುಗನಿಗೆ ಹನ್ನೆರಡು ಇನ್ನೂ ತುಂಬಿರಲಿಲ್ಲ. ಬೆವರಿಳಿಸುವ ಕೆಲಸಗಾರರಿಗೆ ನೀರು ಹೊತ್ತು ಕೊಡುವುದು ಆತನ ಮೊದಲ ಕೆಲಸ. ಗಾಜನ್ನು ಮುಟ್ಟುವ ಭಾಗ್ಯ ಬಹುಕಾಲ ಬರಲಿಲ್ಲ. ಆದರೆ ಕಣ್ಣುಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹುಡುಗ ನೋಡಿದ, ನೋಡುತ್ತಲೇ ಇದ್ದ. ಆ ಕಾಲದ ದೊಡ್ಡ ಕುಶಲಿ ಆರ್ಕಿಮೆದೆ ಸೆಗುಸೊ ಅವರ ಕೈಕೆಳಗೂ ಕಲಿತ.

ಮುರಾನೊದ ಕುಲುಮೆಯಲ್ಲಿ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗೆ ‘ಗಾರ್ಜೋನೆ’, ಅಂದರೆ ಎತ್ತಿಕೊಡುವ, ತಂದುಕೊಡುವ ಹುಡುಗ. ಅವನ ಮೇಲೆ ‘ಸೆರ್ವೆಂತೀನೊ’, ಆ ಬಳಿಕ ಮುಖ್ಯ ಸಹಾಯಕನಾದ ‘ಸೆರ್ವೆಂತೆ’. ತುದಿಯಲ್ಲಿ ‘ಮಾಯೆಸ್ತ್ರೊ’, ಅಂದರೆ ಗುರು. ಈ ಮೆಟ್ಟಿಲುಗಳನ್ನು ಹಾರಿ ಹತ್ತಲು ಬರುವುದಿಲ್ಲ. ಬೋಧನೆಯೆಂಬುದೂ ಅಲ್ಲಿ ಇರಲಿಲ್ಲ. ಗುರು ಹೇಳುವುದಿಲ್ಲ, ಮಾಡುತ್ತಾನೆ. ಶಿಷ್ಯ ಕೇಳುವುದಿಲ್ಲ, ನೋಡುತ್ತಾನೆ.

ಅದಕ್ಕೆ ಕಾರಣ ಗಾಜಿನ ಸ್ವಭಾವದಲ್ಲೇ ಇದೆ. ಮರಳು, ಸೋಡಾ, ಸುಣ್ಣ ಈ ಮೂರೂ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಒಂದಾಗಿ ಗಾಜಾಗುತ್ತವೆ. ಕೆಲಸಕ್ಕೆ ತೆಗೆಯುವಾಗ ಅದು ಸುಮಾರು 1,100 ಡಿಗ್ರಿಯಲ್ಲಿದ್ದು ಬೆಲ್ಲದ ಪಾಕದಂತೆ ಜೋತುಬೀಳುತ್ತದೆ. ಒಂದೂವರೆ ಮೀಟರಿನಷ್ಟು ಉದ್ದದ ಉಕ್ಕಿನ ಕೊಳವೆಯ ತುದಿಗೆ ಅದನ್ನು ಸುತ್ತಿಕೊಂಡು ಇನ್ನೊಂದು ತುದಿಯಿಂದ ಉಸಿರು ಊದಬೇಕು. ಕೊಳವೆಯನ್ನು ಅರೆಕ್ಷಣವೂ ಬಿಡದೆ ತಿರುಗಿಸುತ್ತಿರಬೇಕು. ನಿಲ್ಲಿಸಿದರೆ ಗಾಜು ಒಂದು ಕಡೆಗೆ ಇಳಿಯುತ್ತದೆ. ಕೈಯಿಂದ ಮುಟ್ಟುವಂತಿಲ್ಲ, ನೆನೆಸಿದ ಮರದ ಅಚ್ಚು, ಒದ್ದೆ ಕಾಗದದ ಮಡಿಕೆ, ಕಬ್ಬಿಣದ ಇಕ್ಕಳಗಳಿಂದಲೇ ತೀಡಬೇಕು. ನಿಮಿಷವೊಂದು ಕಳೆಯುವುದರೊಳಗೆ ಅದು ಬಿಗಿಯುತ್ತದೆ, ಮತ್ತೆ ಬೆಂಕಿಗೆ ಹಿಡಿಯಬೇಕು. ಎಲ್ಲ ಮುಗಿದ ಮೇಲೂ ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಆರಿಸಬೇಕು. ಅವಸರಪಟ್ಟರೆ ದಿನವಿಡೀ ಪಟ್ಟ ಶ್ರಮ ಟಣ್ಣೆಂದು ಬಿರಿಯುತ್ತದೆ. ಜೋಳದ ರೊಟ್ಟಿ ಬಡಿಯುವುದನ್ನು ಪುಸ್ತಕ ಓದಿ ಯಾರಾದರೂ ಕಲಿತದ್ದುಂಟೆ? ಹಿಟ್ಟಿಗೆ ಎಷ್ಟು ನೀರು, ಅಂಗೈಗೆ ಎಷ್ಟು ಬಲ ಎಂಬುದನ್ನು ತಾಯಿಯ ಪಕ್ಕ ಕುಳಿತೇ ಅರಿಯಬೇಕು. ಗಾಜಿನ ವಿದ್ಯೆಯೂ ಅದೇ ಜಾತಿಯದು.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಲಿನೊ ‘ಮಾಯೆಸ್ತ್ರೊ’ ಎನಿಸಿಕೊಂಡರು. ಹತ್ತು ವರ್ಷಗಳಲ್ಲಿ ನೀರಿನ ಕೊಡದಿಂದ ಗುರುಪೀಠಕ್ಕೆ. ಶಾಲೆ ಬಿಟ್ಟಿದ್ದರೂ ಕಲಿಯುವುದನ್ನು ಬಿಡಲಿಲ್ಲ. ವೆನಿಸಿನ ಕಲಾಪ್ರದರ್ಶನಗಳಿಗೆ ಹೋಗಿ ಆಧುನಿಕ ಚಿತ್ರಕಾರರ ಕೃತಿಗಳನ್ನು ಕಂಡರು. ಮುಂದಿನ ಮೂರು ದಶಕಗಳಲ್ಲಿ ದ್ವೀಪದ ಹೆಸರಾಂತ ಕಾರ್ಖಾನೆಗಳಲ್ಲಿ ದುಡಿದರು.

ಕಡಲಾಚೆಯ ಕರೆ

ಅತ್ತ ಅಮೆರಿಕದಲ್ಲಿ 1962ರಲ್ಲಿ ಹಾರ್ವೆ ಲಿಟಲ್‌ಟನ್ ಎಂಬ ಅಧ್ಯಾಪಕರು ಟೊಲೆಡೊ ನಗರದಲ್ಲಿ ಒಂದು ಪ್ರಯೋಗ ನಡೆಸಿದರು. ದೊಡ್ಡ ಕಾರ್ಖಾನೆಯಿಲ್ಲದೆ, ಚಿಕ್ಕ ಕುಲುಮೆಯೊಂದರಲ್ಲಿ ಕಲಾವಿದನೊಬ್ಬ ತಾನೇ ಗಾಜು ಊದಬಹುದೆಂದು ಅವರು ತೋರಿಸಿದರು. ತರುಣರಲ್ಲಿ ಉತ್ಸಾಹ ಉಕ್ಕಿತು. ಆದರೆ ಕೈಗೆ ಪಳಗಿದ ವಿದ್ಯೆ ಇರಲಿಲ್ಲ. ಅವರಲ್ಲೊಬ್ಬರಾದ ಡೇಲ್ ಚಿಹುಲಿ 1968ರಲ್ಲಿ ಮುರಾನೊಗೆ ಬಂದು ವೆನಿನಿ ಕಾರ್ಖಾನೆಯಲ್ಲಿ ಗಾಜುಗಾರರು ತಂಡವಾಗಿ ದುಡಿಯುವುದನ್ನು ಕಂಡರು. ಊರಿಗೆ ಮರಳಿದ ಮೇಲೆ 1971ರಲ್ಲಿ ಸಿಯಾಟಲ್ ನಗರದ ಉತ್ತರಕ್ಕೆ ಮರಗಳ ತೋಪಿನ ನಡುವೆ ಪಿಲ್ಚಕ್ ಎಂಬ ಗಾಜಿನ ಶಾಲೆಯನ್ನು ಆರಂಭಿಸಿದರು.

ಆ ಶಾಲೆಗೆ 1978ರಲ್ಲಿ ಮುರಾನೊದಿಂದ ಹೋದವರು ಕೆಕ್ಕೊ ಓಂಗಾರೊ. ಅವರು ಲಿನೊ ಅವರಿಗೆ ಹೆಂಡತಿಯ ಕಡೆಯ ನೆಂಟರು. ಮತ್ತೊಮ್ಮೆ ಹೋಗಲು ಒಲ್ಲದ ಅವರು ತಮ್ಮ ಬದಲಿಗೆ ಲಿನೊ ಅವರ ಹೆಸರನ್ನು ಸೂಚಿಸಿದರು. ಹೀಗೆ 1979ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಇಂಗ್ಲಿಷ್ ಭಾಷೆಯ ಬಲವಿಲ್ಲದೆ ಲಿನೊ ಕಡಲು ದಾಟಿದರು. ಮಾತು ಬಾರದ ಕಡೆ ಕೈಯೇ ಮಾತಾಡಿತು. ಬಣ್ಣದ ಗಾಜಿನ ಎಳೆಗಳನ್ನು ಜಾಲರಿಯಂತೆ ಹೆಣೆಯುವುದು, ಬಿಸಿಯಾಗಿರುವಾಗಲೇ ಎರಡು ಗಾಜಿನ ಗುಳ್ಳೆಗಳ ಅಂಚಿಗೆ ಅಂಚು ಕೂಡಿಸಿ ಒಂದೇ ಪಾತ್ರೆ ಮಾಡುವುದು, ಗಾಜಿನ ಗೋಡೆಯನ್ನು ಎಲೆಯಷ್ಟು ತೆಳುವಾಗಿಸುವುದು, ಇವನ್ನೆಲ್ಲ ತೆರೆದ ಅಂಗಳದಲ್ಲಿ, ಕಲಿಯಬಂದ ಗಂಡಸರಿಗೂ ಹೆಂಗಸರಿಗೂ ಸಮನಾಗಿ ತೋರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ ಒಂದು ಪಾಠ ಕಲಿಸಿದರು: ಗಾಜು ಒಬ್ಬನಿಂದ ಆಗುವ ಕೆಲಸವಲ್ಲ. ಬಾಗಿಲು ತೆರೆಯುವವನು, ಶಾಖದಿಂದ ಮರೆಹಿಡಿಯುವವನು, ಸರಿಯಾದ ಗಳಿಗೆಗೆ ಬಿಸಿಗಾಜಿನ ಚೂರನ್ನು ತಂದುಕೊಡುವವನು, ಇವರೆಲ್ಲ ಒಂದೇ ಮನಸ್ಸಿನವರಾಗಿರಬೇಕು.

ಊರವರ ಮುನಿಸು

ಮುರಾನೊದಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ಏಳುನೂರು ವರ್ಷಗಳಿಂದ ತಂದೆಯಿಂದ ಮಗನಿಗೆ ಬಂದ ಆಸ್ತಿಯನ್ನು ಪರರಿಗೆ ಧಾರೆಯೆರೆದನೆಂದು ದೂರಿದರು. ಈ ದೂರನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆ ದ್ವೀಪಕ್ಕೆ ಹೊಲಗದ್ದೆಗಳಿಲ್ಲ. ವಿದ್ಯೆಯೇ ಅವರ ಹೊಲ. ಅದನ್ನು ಹೊರಗಿನವರೂ ಉತ್ತರೆ ತಮ್ಮ ಮಕ್ಕಳ ಬುತ್ತಿಗೆ ಕುತ್ತು ಬಂದೀತೆಂಬ ಹೆದರಿಕೆ ಸಹಜ. ಹೆದರಿದ್ದು ಸುಳ್ಳೂ ಆಗಲಿಲ್ಲ. ಸಿಯಾಟಲ್ ಪ್ರದೇಶ ಇಂದು ಗಾಜಿನ ಕಲೆಯಲ್ಲಿ ಮುರಾನೊ ಜೊತೆಗೆ ಹೆಸರಿಸುವಷ್ಟು ಬೆಳೆದಿದೆ. ಇತ್ತ ಮುರಾನೊದ ಕುಲುಮೆಗಳು ಕಡಿಮೆಯಾಗುತ್ತ ಬಂದವು. 2021-22ರಲ್ಲಿ ಅನಿಲದ ಬೆಲೆ ಹಲವು ಪಟ್ಟು ಏರಿದಾಗ ಎಷ್ಟೋ ಕುಲುಮೆಗಳನ್ನು ತಾತ್ಕಾಲಿಕವಾಗಿ ಆರಿಸಬೇಕಾಯಿತು.

ಆದರೆ ಇತಿಹಾಸವನ್ನು ಮತ್ತೊಮ್ಮೆ ನೋಡೋಣ. ಮುರಾನೊ ಮೊದಲು ಸೊರಗಿದ್ದು ಯಾರೋ ಪಾಠ ಹೇಳಿದ್ದರಿಂದಲ್ಲ, ಹೇಳುವವರೇ ಇಲ್ಲವಾದಾಗ. ಮತ್ತೆ ಚಿಗುರಿದ್ದು ಬಾಗಿಲು ಹಾಕಿದ್ದರಿಂದಲ್ಲ, ಶಾಲೆಯನ್ನೂ ಸಂಗ್ರಹಾಲಯವನ್ನೂ ತೆರೆದಾಗ. ಲಿನೊ ಅವರ ಪಾಠದಿಂದ ಮುರಾನೊದ ಹೆಸರು ಅಳಿಯಲಿಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಗಾಜು ಊದಿದರೂ ಅಲ್ಲಿನ ವಿದ್ಯಾರ್ಥಿ ಮುರಾನೊದ ಪಾರಿಭಾಷಿಕ ಪದಗಳನ್ನೇ ಉಚ್ಚರಿಸುತ್ತಾನೆ.

ಕಲಿಸಿದವರಿಗೂ ಲಾಭವಾಯಿತು. ಕಾರ್ಖಾನೆಯಲ್ಲಿ ಬೇರೆಯವರ ನಕ್ಷೆಯನ್ನು ರೂಪಿಸುತ್ತಿದ್ದ ಲಿನೊ, ನಿಯಮಗಳ ಹಂಗಿಲ್ಲದ ಶಿಷ್ಯರ ನಡುವೆ ತಮ್ಮದೇ ಕಲ್ಪನೆಗೆ ಕೈಹಾಕಿದರು. ಎಂಬತ್ತರ ದಶಕದ ಕೊನೆಗೆ ಕಾರ್ಖಾನೆಯ ದುಡಿಮೆಯನ್ನು ಬಿಟ್ಟು ಸ್ವತಂತ್ರ ಕಲಾವಿದರಾದರು. 1988ರಲ್ಲಿ ಚಿಹುಲಿ ‘ವೆನಿಷಿಯನ್ಸ್’ ಎಂಬ ಕೃತಿಮಾಲೆಯನ್ನು ಆರಂಭಿಸಿದಾಗ ಗಾಜಿಗೆ ಕೈಯಾದವರು ಲಿನೊ. ಅಪಘಾತಗಳಲ್ಲಿ ಒಂದು ಕಣ್ಣನ್ನೂ ಭುಜದ ಬಲವನ್ನೂ ಕಳೆದುಕೊಂಡಿದ್ದ ಚಿಹುಲಿ ತಾವೇ ಊದಲಾರದ ಸ್ಥಿತಿಯಲ್ಲಿದ್ದರು. 2008ರಲ್ಲಿ ಅಮೆರಿಕದ ಟಕೋಮಾ ನಗರದ ಗಾಜಿನ ಸಂಗ್ರಹಾಲಯ ಲಿನೊ ಅವರ ಜೀವಮಾನದ ಕೃತಿಗಳ ಪ್ರದರ್ಶನ ನಡೆಸಿತು. ಬಾಲ್ಯದಲ್ಲೇ ಶಾಲೆ ಬಿಟ್ಟವರಿಗೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಎಂಬತ್ತು ದಾಟಿದ ಮೇಲೂ ಅವರು ಕುಲುಮೆಯ ಮುಂದೆ ನಿಂತು ದುಡಿದರು.

ಬೀಜದಿಂದ ಮರ

ಗುರುವಿನ ನಿಜವಾದ ಅಳತೆ ಶಿಷ್ಯರಲ್ಲಿದೆ. ಲಿನೊ ಅವರಿಂದ ಕಲಿತ ಡಾಂಟೆ ಮರಿಯೊನಿ ತಾವೂ ನುರಿತ ಗಾಜುಗಾರರಾಗಿ ಇತರರಿಗೆ ಕಲಿಸಿದರು. ಅಲಾಸ್ಕದ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನಾಂಗದ ಪ್ರೆಸ್ಟನ್ ಸಿಂಗಲ್‌ಟರಿ ಮುರಾನೊದ ಈ ಕೈಚಳಕವನ್ನು ತಮ್ಮ ಹಿರಿಯರ ಮರಗೆತ್ತನೆಯ ಚಿತ್ರಗಳಿಗೆ ಅಳವಡಿಸಿದರು. ಕಾಗೆ, ತಿಮಿಂಗಿಲಗಳ ಕುಲಕಥೆಗಳು ಗಾಜಿನಲ್ಲಿ ಮರುಹುಟ್ಟು ಪಡೆದವು. ಒಂದು ಜನಾಂಗದ ವಿದ್ಯೆ ಇನ್ನೊಂದು ಜನಾಂಗದ ನೆನಪನ್ನು ಉಳಿಸಿತು.

ಅದೇ ಟಕೋಮಾ ನಗರದಲ್ಲಿ ಹಿಲ್‌ಟಾಪ್ ಎಂಬ ಬಡಾವಣೆಯಿದೆ. ತೊಂಬತ್ತರ ದಶಕದಲ್ಲಿ ಅದು ತರುಣರ ಗುಂಪುಗಳ ಹೊಡೆದಾಟಕ್ಕೆ ಹೆಸರಾಗಿತ್ತು. 1994ರಲ್ಲಿ ಕ್ಯಾಥಿ ಕೇಪರಿಕ್ ಎಂಬ ಮಹಿಳೆ ಚಿಹುಲಿ ಅವರೊಡಗೂಡಿ ಅಲ್ಲಿನ ಮಕ್ಕಳಿಗೆ ಉಚಿತವಾಗಿ ಗಾಜು ಊದುವುದನ್ನು ಕಲಿಸುವ ಸಂಸ್ಥೆಯನ್ನು ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಅಲ್ಲಿ ಹುಡುಗರೆಲ್ಲರೂ ಕಲಾವಿದರಾಗಬೇಕೆಂಬ ಹಟವಿಲ್ಲ. ಕೆಂಡದಂತಹ ಗಾಜು ಕೈಯಲ್ಲಿರುವಾಗ ಪಕ್ಕದವನನ್ನು ನಂಬಲೇಬೇಕು, ಅವನ ಮಾತು ಕೇಳಲೇಬೇಕು. ಬೀದಿ ಕಲಿಸದ ಆ ವಿಶ್ವಾಸವನ್ನು ಕುಲುಮೆ ಕಲಿಸುತ್ತದೆ.

ನಮ್ಮ ನಾಡಿನ ಆರಿದ ಕುಲುಮೆ

ಇದು ಪರದೇಶದ ಕಥೆ, ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿಯೂ ಗಾಜಿನ ಕುಲುಮೆಗಳಿದ್ದವು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಬಳೆಗೆ ಹೆಸರಾದ ಊರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕೋಟೆಯ ಗೋಡೆಗೆ ಒತ್ತಿ ಕಟ್ಟಿದ ಜಗಲಿಯ ಕುಲುಮೆಗಳಲ್ಲಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣಗಳ ಬಳೆಗಳು ತಯಾರಾಗುತ್ತಿದ್ದವು. ಹೊರಗಿನಿಂದ ಅಗ್ಗದ ಬಳೆ ಬಂದಂತೆ ಆ ಬೆಂಕಿ ಆರಿತು. ಅದನ್ನು ಬಲ್ಲವರ ಕೈಗಳು ಹೋದವು. ಪರದೇಶದವನೊಬ್ಬನ ಬರವಣಿಗೆ ಉಳಿಯಿತು.

ಇನ್ನೊಂದು ಉದಾಹರಣೆ ಭರವಸೆಯದು. ಸ್ವದೇಶಿ ಚಳವಳಿಯ ದಿನಗಳಲ್ಲಿ ಮಹಾರಾಷ್ಟ್ರದ ಅಂತಾಜಿ ದಾಮೋದರ ಕಾಳೆಯವರು ಒಬ್ಬೊಬ್ಬರಿಂದ ವರ್ಷಕ್ಕೆ ಒಂದು ಪೈಸೆಯಂತೆ ಬೇಡಿ ನಿಧಿ ಕೂಡಿಸಿದರು. ಲೋಕಮಾನ್ಯ ತಿಲಕರು ಬೆಂಬಲಿಸಿದರು. ಆ ಹಣದಿಂದ 1908ರಲ್ಲಿ ಪುಣೆಯ ಬಳಿಯ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆಯೊಂದು ಎದ್ದಿತು. ಅದು ಗಾಜು ಮಾಡಿದ್ದಕ್ಕಿಂತ ಹೆಚ್ಚಾಗಿ ಗಾಜು ಮಾಡುವವರನ್ನು ತಯಾರಿಸಿತು. ಅಲ್ಲಿ ಕಲಿತವರು ದೇಶದ ಹಲವು ಕಾರ್ಖಾನೆಗಳಿಗೆ ಹೋಗಿ ದುಡಿದರು. ಒಂದೊಂದು ಪೈಸೆ ಕೊಟ್ಟವರಿಗೆ ಹಣ ಹಿಂದಿರುಗಿ ಬರಲಿಲ್ಲ; ನಾಡಿಗೆ ವಿದ್ಯೆ ಬಂತು.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ನಮ್ಮ ನೆರೆಯ ಬೀದರಿನಲ್ಲಿದೆ. ಸತುವು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿಯ ತಂತಿಯನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕಲೆಯನ್ನು ತಂದೆಯಿಂದ ಕಲಿತ ಶಾ ರಶೀದ್ ಅಹ್ಮದ್ ಖಾದ್ರಿಯವರು ಅದನ್ನು ಇತರರಿಗೂ ಕಲಿಸುತ್ತ ಬಂದರು. 2023ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ನಮ್ಮ ಮನೆಗಳಿಗೆ ಒಂದು ಮಾತು

ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸೇವಕರ ಸಾಮತಿ ನಮಗೆಲ್ಲ ಗೊತ್ತು. ಧಣಿ ಕೊಟ್ಟದ್ದನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕ ಕಳ್ಳನಲ್ಲ. ಒಂದು ಕಾಸನ್ನೂ ಆತ ಕದಿಯಲಿಲ್ಲ. ಅವನಿಗಿದ್ದದ್ದು ಹೆದರಿಕೆ. ಕೊಟ್ಟರೆ ಕಡಿಮೆಯಾದೀತೆಂಬ ಹೆದರಿಕೆಯೇ ಅವನ ತಪ್ಪಾಯಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಗಾಜುಗಾರರಿಲ್ಲದಿರಬಹುದು. ಆದರೆ ಮೂವತ್ತು ವರ್ಷ ಉಳಿ ಹಿಡಿದ ಬಡಗಿಯಿದ್ದಾರೆ, ಗೋಡೆಯ ನೇರವನ್ನು ಕಣ್ಣಳತೆಯಲ್ಲೇ ಹೇಳುವ ಗೌಂಡಿಯಿದ್ದಾರೆ, ಕೌದಿ ಹೊಲಿಯುವ ಅಜ್ಜಿಯಿದ್ದಾರೆ, ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ದಾದಿಯಿದ್ದಾರೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ ‘ಇವನು ಯಾತಕ್ಕೂ ಬರಲಾರ’ ಎಂಬ ಮಾತು ಕೇಳಿಸಿಕೊಂಡು ಮೂಲೆ ಹಿಡಿದ ಹುಡುಗನೂ ಅದೇ ಓಣಿಯಲ್ಲಿದ್ದಾನೆ. ಇವರ ನಡುವಿನ ದೂರ ನಾಲ್ಕು ಮನೆಗಳದ್ದಷ್ಟೆ. ರಜೆಯ ದಿನಗಳಲ್ಲಿ, ಭಾನುವಾರದ ಪೂಜೆಯ ಬಳಿಕ ಒಂದು ಗಂಟೆ, ಹಿರಿಯರೊಬ್ಬರು ಕಿರಿಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅದಕ್ಕೆ ಕಟ್ಟಡ ಬೇಡ, ಚಂದಾ ಬೇಡ. ತಮ್ಮ ಕಸುಬನ್ನು ಕೀಳೆಂದು ಬಗೆದು ಮಕ್ಕಳಿಗೆ ಹೇಳಿಕೊಡಲು ಸಂಕೋಚಪಡುವ ತಂದೆತಾಯಿಗಳು ಕೂಡ ಈ ವಿಷಯವನ್ನು ಮತ್ತೊಮ್ಮೆ ಚಿಂತಿಸಲಿ. ಮಗ ಇಂಜಿನಿಯರನಾಗಲಿ, ಬೇಡವೆನ್ನುವವರು ಯಾರು? ಆದರೆ ತಂದೆಯ ಕೈ ಬಲ್ಲದ್ದನ್ನು ಮಗನ ಕೈಯೂ ಬಲ್ಲದಾದರೆ ಅದರಿಂದ ನಷ್ಟವೇನೂ ಇಲ್ಲ.

ಗಾಜಿಗೆ ರೂಪ ಬರುವುದು ಉಸಿರಿನಿಂದ. ಊದುವವನು ತನ್ನ ಉಸಿರನ್ನು ಬಿಗಿಹಿಡಿದು ಕೂತರೆ ಕೊಳವೆಯ ತುದಿಯಲ್ಲಿ ಬರಿಯ ಮುದ್ದೆ ಉಳಿಯುತ್ತದೆ, ಅಷ್ಟೆ. ನಾವು ಬಲ್ಲ ವಿದ್ಯೆಯ ಮಾತೂ ಇಷ್ಟೇ.